ಕುಮ್ಕಿ ಎಂಬ ನೆರವು: ತೋಟದ ಅನುಭವ ಮತ್ತು ಪರಿಸರ ವಿಜ್ಞಾನದ ಲೆಕ್ಕ

ಮಂಗಳೂರಿನ ಉತ್ತರಕ್ಕಿರುವ ಕಾವೂರು ಇಂದು ನಗರದ ಒಂದು ಬಡಾವಣೆ. ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯ ವಸತಿ ಕಾಲೊನಿ, ಸಾಲು ಅಂಗಡಿಗಳು, ವರ್ಷಕ್ಕೊಂದಿಷ್ಟು ಎತ್ತರಕ್ಕೇರುವ ಫ್ಲ್ಯಾಟುಗಳು ಇಲ್ಲಿನ ಗುರುತು. ಆದರೆ ಸುತ್ತಲಿನ ಊರುಗಳ ಹೆಸರುಗಳು ಇನ್ನೂ ಹಳೆಯ ಕತೆಯನ್ನೇ ಹೇಳುತ್ತಿವೆ. ಪಕ್ಕದಲ್ಲಿ ಕುಂಜತ್ತಬೈಲು, ಇನ್ನೊಂದು ಕಡೆ ದೇರೆಬೈಲು, ಸ್ವಲ್ಪ ಎತ್ತರದಲ್ಲಿ ಪದವಿನಂಗಡಿ. ಬೈಲು ಎಂದರೆ ನೀರು ಇಳಿದು ಬಂದು ಸೇರುವ ತಗ್ಗಿನ ಗದ್ದೆ. ಪದವು ಎಂದರೆ ಮುರಕಲ್ಲಿನ ಮೇಲೆ ಹುಲ್ಲು ಬಿಟ್ಟು ಬೇರೇನೂ ಸುಲಭವಾಗಿ ಬೆಳೆಯದ ಸಮತಟ್ಟು ಗುಡ್ಡ. ಬೈಲಿನಲ್ಲಿ ಗದ್ದೆ ಉಳಿದಿಲ್ಲ, ಪದವಿನಲ್ಲಿ ಹುಲ್ಲು ಉಳಿದಿಲ್ಲ. ಹೆಸರು ಮಾತ್ರ ಉಳಿದಿದೆ.

ತುಳುನಾಡಿನ ರೈತರು ಭತ್ತದ ಭೂಮಿಯನ್ನು ಮೂರಾಗಿ ವಿಂಗಡಿಸಿದ್ದರು. ಮಳೆಯ ನೀರನ್ನೇ ನಂಬಿ ಒಂದು ಬೆಳೆ ಕೊಡುವ ಎತ್ತರದ ಬೆಟ್ಟು, ಸ್ವಲ್ಪ ಕೆಳಗೆ ಎರಡು ಬೆಳೆ ಕೊಡುವ ಮಜಲು, ಎಲ್ಲಕ್ಕಿಂತ ಕೆಳಗೆ ಬೇಸಗೆಯಲ್ಲೂ ತೇವ ಆರದ ಬೈಲು. ಬೆಳೆಗಳಿಗೂ ಅದೇ ಕ್ರಮದಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಹೆಸರುಗಳಿದ್ದವು. ಟಿಪ್ಪು ಸುಲ್ತಾನರ ಪತನದ ನಂತರ ಈಸ್ಟ್ ಇಂಡಿಯಾ ಕಂಪೆನಿಯ ಆಜ್ಞೆಯಂತೆ 1801ರಲ್ಲಿ ಕಾಸರಗೋಡಿನ ದಾರಿಯಾಗಿ ಮಂಗಳೂರಿಗೆ ಬಂದ ಡಾ. ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ಬರೆದಿಟ್ಟುಕೊಂಡ. ಜರ್ಮನಿಯ ಎರ್ನ್ಸ್ಟ್ ಹೆಕೆಲ್ 'ಇಕಾಲಜಿ' ಎಂಬ ಶಬ್ದವನ್ನು ಟಂಕಿಸಿದ್ದು 1866ರಲ್ಲಿ. ಹೆಸರು ಹುಟ್ಟುವ ಮೊದಲೇ ಅದರ ಒಂದು ಪಾಠ ನಮ್ಮ ಗದ್ದೆಗಳಲ್ಲಿ ರೂಢಿಯಲ್ಲಿತ್ತು ಎಂದಾಯಿತು.

ಈಚಿನ ವರ್ಷಗಳಲ್ಲಿ ಪರ್ಮಾಕಲ್ಚರ್ ಎಂಬ ಪದ ನಮ್ಮ ಕೃಷಿ ಚರ್ಚೆಗಳಲ್ಲಿ ಕೇಳಿಬರುತ್ತಿದೆ. ಶಾಶ್ವತ ಕೃಷಿ ಎಂಬುದು ಅದರ ಅರ್ಥ. ಕಾಡಿನ ರೀತಿಯನ್ನು ನೋಡಿ ತೋಟವನ್ನು ಕಟ್ಟಬೇಕು, ಒಂದರ ಕಸ ಇನ್ನೊಂದರ ಆಹಾರವಾಗಬೇಕು, ಹೊರಗಿನಿಂದ ಏನನ್ನೂ ಕೊಳ್ಳುವಂತಿರಬಾರದು ಎಂಬುದು ಅದರ ತಿರುಳು. ಇದನ್ನು ಕೇಳಿದ ಕೂಡಲೇ ಎರಡು ಉತ್ತರಗಳು ಬರುತ್ತವೆ. 'ಇದೆಲ್ಲ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು' ಎಂಬುದು ಒಂದು. 'ಇದರಲ್ಲಿ ವಿಜ್ಞಾನವಿಲ್ಲ, ಬರೀ ನಂಬಿಕೆ' ಎಂಬುದು ಇನ್ನೊಂದು. ಎರಡೂ ಶ್ರಮವಿಲ್ಲದ ಉತ್ತರಗಳು. ಅಜ್ಜಂದಿರಿಗೆ ಏನು ಗೊತ್ತಿತ್ತು, ಅದಕ್ಕೆ ಯಾರು ಬೆಲೆ ತೆತ್ತರು, ವಿಜ್ಞಾನ ಅದನ್ನು ಯಾವಾಗ ಅಳೆಯಿತು ಎಂದು ಕೇಳಿದರೆ ಮಾತ್ರ ಚರಿತ್ರೆ ಬಾಯಿ ಬಿಡುತ್ತದೆ. ಹಾಗೆ ಕೇಳಲು ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಜಾಗವಿದೆ. ಅದರ ಹೆಸರು ಕುಮ್ಕಿ.

ಕುಮಕ್ ಮತ್ತು ವರಕ್

ಉರ್ದು ಶಾಲೆಯಲ್ಲಿ ಓದಿದವರಿಗೆ ಕುಮ್ಕಿ ಶಬ್ದ ಹೊಸದಲ್ಲ. ಫಾರ್ಸಿಯ 'ಕುಮಕ್' ಎಂದರೆ ನೆರವು, ಸಹಾಯ. ಅದೇ ಶಬ್ದ ಕನ್ನಡದಲ್ಲಿ 'ಕುಮ್ಮಕ್ಕು' ಆಗಿ ಸ್ವಲ್ಪ ಕೆಟ್ಟ ಹೆಸರು ಪಡೆದುಕೊಂಡಿದೆ. ಕಂದಾಯದ ಕಡತದಲ್ಲಿ ಮಾತ್ರ ಮೂಲ ಅರ್ಥವೇ ಉಳಿದಿದೆ: ಸಾಗುವಳಿ ಭೂಮಿಗೆ ನೆರವಾಗುವ ಭೂಮಿ. ಹಾಗೆಯೇ 'ವರ್ಗ' ಭೂಮಿ. ಇದು ಸಂಸ್ಕೃತದ ವರ್ಗವಲ್ಲ. ಅರಬ್ಬಿಯ 'ವರಕ್', ಅಂದರೆ ಎಲೆ, ಕಾಗದದ ಹಾಳೆ. ಲೆಕ್ಕದ ಪುಸ್ತಕದ ಒಂದು ಹಾಳೆಯಲ್ಲಿ ಒಬ್ಬನ ಹಿಡುವಳಿ ಬರೆದಿದ್ದರೆ ಅದು ಅವನ ವರ್ಗ. ಕಾಗದದ ಎಲೆ ಹೊಲದ ಒಡೆತನವನ್ನು ಹೇಳುತ್ತಿತ್ತು, ಕುಮ್ಕಿಯಿಂದ ಬಂದ ಮರದ ಎಲೆ ಆ ಹೊಲವನ್ನು ಬದುಕಿಸುತ್ತಿತ್ತು.

ಕುಮ್ಕಿಯ ನಿಯಮ ಸರಳ. ಫಸಲಿ 1276ಕ್ಕಿಂತ, ಅಂದರೆ 1866ಕ್ಕಿಂತ ಹಿಂದಿನ ವರ್ಗ ಭೂಮಿಯ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ವರ್ಗದಾರನು ಸೊಪ್ಪು, ತರಗೆಲೆ, ಸೌದೆ ತರಬಹುದು, ದನ ಮೇಯಿಸಬಹುದು. ಒಡೆತನ ಸರ್ಕಾರದ್ದು, ಅನುಭೋಗ ರೈತನದ್ದು. ಇಂಥದೇ ವ್ಯವಸ್ಥೆ ಉತ್ತರ ಕನ್ನಡದಲ್ಲಿ ಬೆಟ್ಟ ಮತ್ತು ಹಾಡಿ, ಮಲೆನಾಡಿನಲ್ಲಿ ಕಾನು ಮತ್ತು ಸೊಪ್ಪಿನ ಬೆಟ್ಟ, ಕೊಡಗಿನಲ್ಲಿ ಬಾಣೆ ಎಂಬ ಹೆಸರುಗಳಲ್ಲಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಈ ಎಲ್ಲ ಹೆಸರುಗಳನ್ನು ಒಟ್ಟಿಗೆ ಪಟ್ಟಿ ಮಾಡಿ ಹಳೆಯ ಸವಲತ್ತುಗಳನ್ನು ಮುಂದುವರಿಸಿತು.

ಗದ್ದೆಗೆ ಇಷ್ಟೊಂದು ಸೊಪ್ಪು ಯಾಕೆ ಬೇಕಿತ್ತು? ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಷ್ಟು ನೀರು ಮುರಕಲ್ಲಿನ ಮಣ್ಣಿನ ಮೂಲಕ ಹಾದು ಹೋಗುವಾಗ ಸುಣ್ಣ, ಪೊಟ್ಯಾಶ್, ಸಾರಜನಕಗಳನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಹುಳಿ ಮಣ್ಣು. ಗುಡ್ಡದ ಮರಗಳ ಆಳದ ಬೇರುಗಳು ಕೆಳಗಿನ ಪೋಷಕಾಂಶವನ್ನು ಮೇಲೆತ್ತಿ ಎಲೆಯಲ್ಲಿ ಕೂಡಿಡುತ್ತವೆ. ಆ ಎಲೆ ಹಟ್ಟಿಗೆ ಬಂದು ದನದ ಕಾಲಡಿ ಸಗಣಿ ಗಂಜಲದ ಜೊತೆ ಬೆರೆತು ಗೊಬ್ಬರವಾಗಿ ಗದ್ದೆಗೆ ಇಳಿಯುತ್ತಿತ್ತು. ಮನೆ, ಬಾವಿ, ಹಟ್ಟಿ, ತರಕಾರಿ ಹಿತ್ತಿಲು ಹತ್ತಿರ, ಅದರಾಚೆ ಅಡಿಕೆ ತೆಂಗು, ಕೆಳಗೆ ಬೈಲು, ಮೇಲೆ ಕುಮ್ಕಿ, ಅದಕ್ಕೂ ಮೇಲೆ ಕಾಡು. ಪರ್ಮಾಕಲ್ಚರಿನ ಪುಸ್ತಕಗಳು ಮನೆಯಿಂದ ಕಾಡಿನವರೆಗೆ ಸೊನ್ನೆಯಿಂದ ಐದರ ತನಕ ವಲಯಗಳನ್ನು ಎಣಿಸುತ್ತವೆ. ತುಳುನಾಡಿನ ಹಳೆಯ ಒಂದು ಮನೆವಾರ್ತೆಯ ನಕ್ಷೆ ಬರೆದರೆ ಬಹುಮಟ್ಟಿಗೆ ಅದೇ ಚಿತ್ರ ಸಿಗುತ್ತದೆ.

ಹೋಬಾರ್ಟ್ ಮತ್ತು ಕಾಸರಗೋಡು

ಪರ್ಮಾಕಲ್ಚರ್ ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ. ಮೀನುಗಾರಿಕೆ, ಕಾಡಿನ ಕೆಲಸ ಎಲ್ಲ ಮಾಡಿ ಕೊನೆಗೆ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಬಿಲ್ ಮಾಲಿಸನ್ ಮತ್ತು ತರುಣ ವಿದ್ಯಾರ್ಥಿ ಡೇವಿಡ್ ಹೋಮ್‌ಗ್ರೆನ್ 1974ರಲ್ಲಿ ಹೋಬಾರ್ಟ್ ನಗರದಲ್ಲಿ ಭೇಟಿಯಾದರು. ಅವರ 'ಪರ್ಮಾಕಲ್ಚರ್ ಒನ್' ಪುಸ್ತಕ 1978ರಲ್ಲಿ ಹೊರಬಂತು. ಅದಕ್ಕೆ ಎರಡು ಬೇರುಗಳಿದ್ದವು. ಒಂದು, ಲೋಕದ ಬೇರೆ ಬೇರೆ ಕಡೆಯ ರೈತರ ಅನುಭವ. ಚೀನಾ, ಕೊರಿಯಾ, ಜಪಾನಿನ ರೈತರ ಬಗ್ಗೆ ಎಫ್. ಎಚ್. ಕಿಂಗ್ ಬರೆದ 1911ರ ಪುಸ್ತಕ, ಮರಗಳ ಕೃಷಿಯ ಬಗ್ಗೆ ರಸೆಲ್ ಸ್ಮಿತ್ ಬರೆದ 1929ರ ಪುಸ್ತಕ, ಇಂದೋರಿನಲ್ಲಿ ಕಾಂಪೋಸ್ಟ್ ಕ್ರಮವನ್ನು ರೂಪಿಸಿದ ಆಲ್ಬರ್ಟ್ ಹೋವರ್ಡ್ ಅವರ 1940ರ ಪುಸ್ತಕ ಈ ಪರಂಪರೆಯವು. ಇನ್ನೊಂದು ಬೇರು ಅಂದಿನ ಪರಿಸರ ವಿಜ್ಞಾನ. 1935ರಲ್ಲಿ ಆರ್ಥರ್ ಟಾನ್ಸ್ಲಿ ಕೊಟ್ಟ 'ಇಕೋಸಿಸ್ಟಮ್' ಕಲ್ಪನೆಯನ್ನು ಅಮೆರಿಕದ ಓಡಮ್ ಸಹೋದರರು ಬೆಳೆಸಿದ್ದರು. ಅದರಲ್ಲೂ ಹೊವರ್ಡ್ ಓಡಮ್ 1971ರ ಪುಸ್ತಕದಲ್ಲಿ ಕಾಡು, ಹೊಲ, ನಗರ ಎಲ್ಲವನ್ನೂ ಶಕ್ತಿಯ ಹರಿವಿನ ಲೆಕ್ಕದಲ್ಲಿ ಬರೆದು ತೋರಿಸಿದ್ದರು. ತನ್ನ ಯೋಚನೆ ಆ ಲೆಕ್ಕಕ್ಕೆ ಋಣಿ ಎಂದು ಹೋಮ್‌ಗ್ರೆನ್ ಮುಚ್ಚಿಡಲಿಲ್ಲ.

ಅದೇ 1974ರಲ್ಲಿ ನಮ್ಮ ಪಕ್ಕದ ಕಾಸರಗೋಡಿನಲ್ಲಿ ಏನಾಗುತ್ತಿತ್ತು ಎಂಬುದನ್ನು ನಾವು ಮರೆತಿದ್ದೇವೆ. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1916ರಲ್ಲಿ, ಮದ್ರಾಸು ಸರ್ಕಾರ ಅಲ್ಲಿ ತೆಂಗು ಸಂಶೋಧನಾ ಕೇಂದ್ರ ತೆರೆದಿತ್ತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿನ ವಿಜ್ಞಾನಿಗಳು ತೆಂಗಿನ ಬೇರನ್ನು ಅಗೆದು ಎಣಿಸಿದರು. ಬುಡದಿಂದ ಎರಡು ಮೀಟರಿನೊಳಗೇ ಸುಮಾರು ಮುಕ್ಕಾಲು ಪಾಲು ಬೇರುಗಳಿವೆ ಎಂದು 1973ರಲ್ಲಿ ಪ್ರಕಟಿಸಿದರು. ಮರದಿಂದ ಮರಕ್ಕೆ ಏಳೂವರೆ ಮೀಟರು ಬಿಟ್ಟು ನೆಟ್ಟ ತೋಟದಲ್ಲಿ ಇದರ ಅರ್ಥವೇನು? ನೆಲದ ಕಾಲು ಭಾಗವನ್ನಷ್ಟೇ ತೆಂಗು ನಿಜವಾಗಿ ಬಳಸುತ್ತದೆ. ಮರಕ್ಕೆ ಇಪ್ಪತ್ತೈದು ವರ್ಷ ದಾಟಿದ ಮೇಲೆ ಗರಿಗಳ ನಡುವಿನಿಂದ ಕೆಳಗಿಳಿಯುವ ಬಿಸಿಲೂ ಹೆಚ್ಚುತ್ತದೆ.

ಈ ಎರಡು ಅಳತೆಗಳ ಮೇಲೆ ನೆಲ್ಲಿಯಾಟ್, ಬಾವಪ್ಪ ಮತ್ತು ಪಿ. ಕೆ. ಆರ್. ನಾಯರ್ ಎಂಬ ಮೂವರು ವಿಜ್ಞಾನಿಗಳು 1974ರಲ್ಲಿ 'ಬಹುಮಹಡಿ ಬೆಳೆ'ಯ ಲೇಖನವನ್ನು ಹೊರತಂದರು. ಮೇಲೆ ತೆಂಗು, ಅದರ ಕಾಂಡಕ್ಕೆ ಕರಿಮೆಣಸಿನ ಬಳ್ಳಿ, ನಡುವೆ ಕೊಕ್ಕೊ, ನೆಲದಲ್ಲಿ ಅನಾನಸು. ಒಬ್ಬೊಬ್ಬರು ಒಂದೊಂದು ಎತ್ತರದ ಬಿಸಿಲನ್ನೂ ಒಂದೊಂದು ಆಳದ ನೀರನ್ನೂ ಹಂಚಿಕೊಳ್ಳುವ ವ್ಯವಸ್ಥೆ. ಕರಾವಳಿಯ ಯಾವ ಹಿತ್ತಿಲಿನಲ್ಲೂ ಕಾಣುತ್ತಿದ್ದ ನೋಟವಿದು. ವಿಜ್ಞಾನಿಗಳು ಮಾಡಿದ್ದು ಅದನ್ನು ಅಳೆದು, ಯಾವ ವಯಸ್ಸಿನ ತೋಟದಲ್ಲಿ ಯಾವ ಗಿಡ ನೆಡಬಹುದು ಎಂದು ಹೇಳಿದ್ದು. ನಾಯರ್ ಆಮೇಲೆ ನೈರೋಬಿಯ ಅಂತಾರಾಷ್ಟ್ರೀಯ ಕೃಷಿ ಅರಣ್ಯ ಸಂಸ್ಥೆ ಸೇರಿ ಆ ಶಾಸ್ತ್ರದ ಪ್ರಮುಖರಲ್ಲಿ ಒಬ್ಬರಾದರು.

ಹೋಬಾರ್ಟಿನವರೂ ಕಾಸರಗೋಡಿನವರೂ ಸಮಕಾಲೀನರು. ಒಂದು ಕಡೆ ಅದು ಚಳವಳಿಯಾಯಿತು, ಇನ್ನೊಂದು ಕಡೆ ಸಂಶೋಧನಾ ವಿಷಯವಾಯಿತು. ಮೂಲ ಎರಡಕ್ಕೂ ಒಂದೇ: ಯಾವ ಶಾಲೆಗೂ ಹೋಗದವರು ಕಟ್ಟಿದ ಹಿತ್ತಿಲು.

ಕಾಸರಗೋಡಿನ ಮಾದರಿಗೂ ಪೆಟ್ಟು ಬಿದ್ದಿತು. ಅಡಿಕೆ, ತೆಂಗಿನ ನಡುವೆ ಕೊಕ್ಕೊ ನೆಟ್ಟ ನಮ್ಮ ರೈತರು 1980ರ ಹೊತ್ತಿಗೆ ಕೊಳ್ಳುವವರಿಲ್ಲದೆ ಕಂಗಾಲಾದರು. ಕ್ಯಾಂಪ್ಕೊ ಸಹಕಾರ ಸಂಸ್ಥೆ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಬೆಳೆಗೆ ನೆಲೆ ಸಿಕ್ಕಿತು. ಬೇರು, ಬಿಸಿಲುಗಳ ಲೆಕ್ಕ ಸರಿಯಿದ್ದರೆ ಸಾಲದು, ಪೇಟೆಯ ಲೆಕ್ಕವೂ ತೋಟದ ಪರಿಸರದ ಒಂದು ಭಾಗ ಎಂಬುದಕ್ಕೆ ಇದು ಸಾಕ್ಷಿ.

ಗುರು ಮುಂದೆ ಹೋದ, ಶಿಷ್ಯ ನಿಂತ

ಪರ್ಮಾಕಲ್ಚರ್ ಪರಿಸರ ವಿಜ್ಞಾನದಿಂದ ಸಾಲ ತಂದದ್ದು 1970ರ ದಶಕದ ಆರಂಭದಲ್ಲಿ. ವಿಜ್ಞಾನ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಜೀವಿಗಳ ವೈವಿಧ್ಯ ಹೆಚ್ಚಿದಷ್ಟೂ ವ್ಯವಸ್ಥೆ ಸ್ಥಿರವಾಗುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ರಾಬರ್ಟ್ ಮೇ 1972ರಲ್ಲಿ ಗಣಿತದಿಂದ ಅದನ್ನು ಪ್ರಶ್ನಿಸಿದರು. ಸಂಬಂಧಗಳು ಹೆಚ್ಚಿದಷ್ಟೂ ಬುಡಮೇಲಾಗುವ ಸಂಭವವೂ ಹೆಚ್ಚಬಹುದು, ಎಷ್ಟು ಜೀವಿಗಳಿವೆ ಎಂಬುದಕ್ಕಿಂತ ಅವು ಹೇಗೆ ಹೆಣೆದುಕೊಂಡಿವೆ ಎಂಬುದು ಮುಖ್ಯ ಎಂದು ತೋರಿಸಿದರು. ಕಾಡಿನ ಅಂಚಿನಲ್ಲಿ ಜೀವ ಸಮೃದ್ಧಿ ಹೆಚ್ಚು, ಹಾಗಾಗಿ ತೋಟದಲ್ಲಿ ಅಂಚುಗಳನ್ನು ಹೆಚ್ಚಿಸಿ ಎಂಬುದು ಪರ್ಮಾಕಲ್ಚರಿನ ಪ್ರಿಯವಾದ ಸೂತ್ರ. 'ಪರ್ಮಾಕಲ್ಚರ್ ಒನ್' ಅಚ್ಚಾದ 1978ರಲ್ಲೇ ಅಮೆರಿಕದಲ್ಲಿ ಗೇಟ್ಸ್ ಮತ್ತು ಗೈಸೆಲ್ ಎಂಬಿಬ್ಬರು ಕಾಡಿನ ಅಂಚಿನಲ್ಲಿ ಹಕ್ಕಿಗಳು ಹೆಚ್ಚು ಗೂಡು ಕಟ್ಟಿದರೂ ಅಲ್ಲಿ ಮರಿಗಳು ಉಳಿಯುವುದು ಕಡಿಮೆ ಎಂದು ಕಂಡುಕೊಂಡರು. ತೋಟಕ್ಕೆ ಒಳ್ಳೆಯದಾದ ಅಂಚು ದಟ್ಟ ಕಾಡಿನ ಹಕ್ಕಿಗೆ ಬಲೆಯಾಗಬಹುದು.

ಇಂಥ ಸಂಗತಿಗಳು ಪರ್ಮಾಕಲ್ಚರಿನ ಪಾಠಗಳೊಳಗೆ ಬೇಗ ಇಳಿಯಲಿಲ್ಲ. ಅದು ವಿಶ್ವವಿದ್ಯಾಲಯದ ಹೊರಗೆ, 72 ಗಂಟೆಗಳ ತರಬೇತಿ ಶಿಬಿರಗಳ ಮೂಲಕ ಬೆಳೆದ ಚಳವಳಿ. ಕಲಿತವನು ಇನ್ನೊಬ್ಬನಿಗೆ ಕಲಿಸುತ್ತ ಹೋದ. 1987ರಲ್ಲಿ ಮಾಲಿಸನ್ ಭಾರತಕ್ಕೆ ಬಂದು ನಮ್ಮ ಬೀದರ್ ಗಡಿಗೆ ಹತ್ತಿರದ ಜಹೀರಾಬಾದಿನ ಪಸ್ತಾಪುರದಲ್ಲಿ ಕಲಿಸಿದಾಗಲೂ ಇದೇ ಕ್ರಮ. ಹೀಗೆ ಹರಡುವ ವಿದ್ಯೆಗೆ ವೇಗವಿದೆ, ಬಡವನ ಹೊಲದವರೆಗೆ ತಲುಪುವ ಶಕ್ತಿಯಿದೆ. ತಪ್ಪನ್ನು ತಾನೇ ಹುಡುಕಿ ತಿದ್ದಿಕೊಳ್ಳುವ ಏರ್ಪಾಟು ಮಾತ್ರ ಕಡಿಮೆ. ವಿಜ್ಞಾನಿಗಳದ್ದೂ ತಪ್ಪಿದೆ. ಲೋಕದಾದ್ಯಂತ ಹರಡಿದ ಒಂದು ಪ್ರಯೋಗವನ್ನು ಅವರು ದಶಕಗಳ ಕಾಲ ತಿರುಗಿಯೂ ನೋಡಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಫರ್ಗ್ಯುಸನ್ ಮತ್ತು ಲೊವೆಲ್ 2014ರಲ್ಲಿ ಇದರ ಬಗ್ಗೆ ವಿಸ್ತಾರವಾದ ವಿಮರ್ಶೆ ಬರೆದು, ವಿಜ್ಞಾನದಿಂದ ದೂರ ಉಳಿದದ್ದು ಮತ್ತು ಅತಿಯಾಗಿ ಹೇಳಿಕೊಂಡದ್ದು ಈ ಚಳವಳಿಯ ದೌರ್ಬಲ್ಯ ಎಂದರು. ಅದರ ವಿನ್ಯಾಸದ ದೃಷ್ಟಿಯಿಂದ ಕಲಿಯುವುದಿದೆ ಎಂದೂ ಹೇಳಿದರು. 2024ರಲ್ಲಿ ಜರ್ಮನಿಯ ಸಂಶೋಧಕರು ಮಧ್ಯ ಯೂರೋಪಿನ ಒಂಬತ್ತು ಪರ್ಮಾಕಲ್ಚರ್ ಜಾಗಗಳನ್ನು ಪಕ್ಕದ ಸಾಮಾನ್ಯ ಹೊಲಗಳೊಂದಿಗೆ ಹೋಲಿಸಿದರು. ಪರ್ಮಾಕಲ್ಚರ್ ಮಣ್ಣಿನಲ್ಲಿ ಇಂಗಾಲದ ಸಂಗ್ರಹ ಶೇಕಡಾ 27ರಷ್ಟು ಹೆಚ್ಚಿತ್ತು, ಎರೆಹುಳುಗಳು ಸುಮಾರು ಮೂರು ಪಟ್ಟು ಇದ್ದವು. ಒಂಬತ್ತು ಜಾಗಗಳ ಅಧ್ಯಯನ ಕೊನೆಯ ಮಾತಲ್ಲ. ಆದರೆ ಪುಸ್ತಕ ಹೊರಬಂದ ನಲವತ್ತಾರು ವರ್ಷಗಳ ಮೇಲಾದರೂ ಇಂಥ ಅಳತೆ ನಡೆಯಿತಲ್ಲ ಎಂಬುದೇ ದೊಡ್ಡದು.

ಬಿದಿರ ಮುಳ್ಳು ಹೇಳಿದ ಪಾಠ

ಅನುಭವ ಮತ್ತು ವಿಜ್ಞಾನ ಎದುರಾಬದುರು ಕೂತು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದಲ್ಲಿ ಒಂದು ನಿದರ್ಶನವಿದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕಾಡಿನ ಬಿದಿರನ್ನು ಕೊಡಲಾಗಿತ್ತು. 1970ರ ದಶಕದ ಹೊತ್ತಿಗೆ ಬಿದಿರು ಬರಿದಾಗತೊಡಗಿತು. ಬುಟ್ಟಿ ಹೆಣೆಯುವವರು ದೂರು ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೊಸದಾಗಿ ಬಂದಿದ್ದ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿ ನರೇಂದ್ರ ಪ್ರಸಾದ್ ಅವರು 1975ರಿಂದ ಕಾಡು ಸುತ್ತಿ ಅಧ್ಯಯನ ಮಾಡಿದರು.

ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಪೊದೆಯಂಥ ಕವಚವಿರುತ್ತದೆ. ಅದನ್ನು ಸವರಿ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ವೈಜ್ಞಾನಿಕ ಕ್ರಮವಾಗಿತ್ತು. ಹಳ್ಳಿಯವರು ಬೇರೆಯೇ ಹೇಳಿದರು: ಮುಳ್ಳು ತೆಗೆದರೆ ಎಳೆಯ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳು ತಿಂದು ಮುಗಿಸುತ್ತವೆ, ಮೆಳೆ ಸಾಯುತ್ತದೆ. ಗಾಡ್ಗೀಳ್ ತಂಡ ಮೆಳೆಗಳನ್ನು ಗುರುತು ಮಾಡಿ ವರ್ಷಗಟ್ಟಲೆ ಎಣಿಸಿತು. ಹಳ್ಳಿಯವರ ಮಾತೇ ನಿಜವಾಯಿತು. ಇಲಾಖೆಯ ಕ್ರಮಕ್ಕೆ ವಿಜ್ಞಾನದ ಹೆಸರಿತ್ತು, ಪರೀಕ್ಷೆ ಆಗಿರಲಿಲ್ಲ. ಹಳ್ಳಿಯವರ ಮಾತಿಗೆ ಹೆಸರಿರಲಿಲ್ಲ, ಅದು ಪರೀಕ್ಷೆಯಲ್ಲಿ ಗೆದ್ದಿತು. ಇಲ್ಲಿ ಸೋತದ್ದು ವಿಜ್ಞಾನವಲ್ಲ, ಕೇಳಿಸಿಕೊಳ್ಳದ ಅಧಿಕಾರ.

ಅಡಿಕೆಯ ನಾಡು ಈ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಲಿತಿದೆ. 1988ರಲ್ಲಿ ಪುತ್ತೂರಿನಿಂದ ಶ್ರೀ ಪಡ್ರೆ ಮತ್ತು ಗೆಳೆಯರು 'ಅಡಿಕೆ ಪತ್ರಿಕೆ' ಶುರು ಮಾಡಿ ಕೃಷಿಕರ ಕೈಗೇ ಲೇಖನಿ ಕೊಟ್ಟರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಸರಗೋಡಿನ ಹಳ್ಳಿಗಳಲ್ಲಿ ಏನೋ ಎಡವಟ್ಟಾಗಿದೆ ಎಂದು ಮೊದಲು ಕಂಡುಕೊಂಡದ್ದು ಯಾವ ಪ್ರಯೋಗಾಲಯವೂ ಅಲ್ಲ, ಅಲ್ಲಿನ ರೈತರು, ಊರಿನ ವೈದ್ಯರು ಮತ್ತು ಅವರ ಮಾತನ್ನು ಬರೆದ ಪತ್ರಕರ್ತರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಕೇಳಿಸಿಕೊಳ್ಳಲು ತಡವಾದದ್ದಕ್ಕೆ ತೆತ್ತ ಬೆಲೆ ಆ ಹಳ್ಳಿಗಳ ಮಕ್ಕಳ ಮೈಮೇಲಿದೆ.

ಲೆಕ್ಕ ಯಾರದು, ಹೊರೆ ಯಾರದು?

ಹಾಗಾದರೆ ಕುಮ್ಕಿಯ ಕಾಲಕ್ಕೆ ಹಿಂದಿರುಗಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲಿ ಪರಿಸರ ವಿಜ್ಞಾನ ಒಂದು ಕಹಿ ಪ್ರಶ್ನೆ ಕೇಳುತ್ತದೆ. ತೋಟದಲ್ಲಿ ಹೆಚ್ಚಿದ ಫಲವತ್ತತೆ ಎಲ್ಲಿಂದ ಬಂತು? ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಕೆಲವೆಡೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡಲಾಗಿತ್ತು. ಅಂದರೆ ತೋಟದ ಚಕ್ರ ತನ್ನೊಳಗೆ ತಾನು ಪೂರ್ತಿಯಾಗಿರಲಿಲ್ಲ. ಬೆಟ್ಟದ ಸಾರವನ್ನು ತೋಟಕ್ಕೆ ಇಳಿಸುತ್ತಿತ್ತು. ಸೊಪ್ಪನ್ನು ಮಿತಿಯಲ್ಲಿ ಕಡಿದಲ್ಲಿ ಬೆಟ್ಟ ತಡೆದುಕೊಂಡಿತು, ಮಿತಿ ಮೀರಿದಲ್ಲಿ ಬೋಳಾಯಿತು.

ಎರಡನೆಯ ಪ್ರಶ್ನೆ ಇನ್ನೂ ಕಹಿ. ಆ ಸೊಪ್ಪನ್ನು ತಲೆಹೊರೆಯಲ್ಲಿ ಇಳಿಸಿದವರು ಯಾರು? ವರ್ಗದಾರನಲ್ಲ. ಅವನ ಗೇಣಿ ಒಕ್ಕಲು, ಅವನ ಜೀತದಾಳು, ಅವರ ಮನೆಯ ಹೆಂಗಸರು. ಅವರಲ್ಲಿ ಬ್ಯಾರಿಗಳಿದ್ದರು, ಬಿಲ್ಲವರಿದ್ದರು, ದಲಿತರಿದ್ದರು. ಗುಡ್ಡದಲ್ಲಿ ಕುಮರಿ ಬೇಸಾಯ ಮಾಡಿ ಬದುಕುತ್ತಿದ್ದವರಿಗೆ 1860ರಲ್ಲಿ ಮದ್ರಾಸು ಸರ್ಕಾರ ತಡೆ ಹಾಕಿತು. ವರ್ಗದಾರನಿಗೆ ನೂರು ಗಜದ ಸವಲತ್ತು ಕೊಟ್ಟದ್ದೂ ಅದೇ ಆಡಳಿತ. 1974ರ ಭೂಸುಧಾರಣೆ ಉಳುವವನಿಗೆ ಗದ್ದೆಯ ಒಡೆತನ ಕೊಟ್ಟದ್ದು ದೊಡ್ಡ ನ್ಯಾಯ. ಆದರೆ ಗದ್ದೆಯ ಬೆನ್ನಿಗಿದ್ದ ಕುಮ್ಕಿಯ ಹಕ್ಕಿನ ಜಗಳ ಇಂದಿಗೂ ಕಚೇರಿಗಳಲ್ಲಿ ಅಲೆಯುತ್ತಿದೆ. ಈಗ ಅಲ್ಲಿ ಬೇಡಿಕೆ ಸೊಪ್ಪಿನದ್ದಲ್ಲ, ಸೈಟಿನದ್ದು ಮತ್ತು ರಬ್ಬರಿನದ್ದು.

ಭೂಸುಧಾರಣೆಯ ಎರಡು ವರ್ಷದ ಬಳಿಕ, 1976ರಲ್ಲಿ, ಕಾವೂರಿನಿಂದ ಕೆಲವೇ ಕಿಲೋಮೀಟರು ದೂರದ ಪಣಂಬೂರಿನಲ್ಲಿ ರಸಗೊಬ್ಬರ ಕಾರ್ಖಾನೆ ಯೂರಿಯಾ ತಯಾರಿಸತೊಡಗಿತು. ಹಲವು ಹೊರೆ ಸೊಪ್ಪಿನ ಸಾರಜನಕ ಒಂದು ಚೀಲದಲ್ಲಿ ಬಂತು. ತಲೆಹೊರೆ ಇಳಿಸಿದ ಹೆಂಗಸಿನ ಕುತ್ತಿಗೆಗೆ ಅದು ಬಿಡುಗಡೆಯೇ. ಪರ್ಮಾಕಲ್ಚರ್ ಬಗ್ಗೆ ಮಾತಾಡುವವರು ಇದನ್ನು ಮರೆಯಬಾರದು. ಹಾಗೆಯೇ ಆ ಚೀಲದಲ್ಲಿ ಮಣ್ಣಿಗೆ ಬೇಕಾದ ಇಂಗಾಲವಿಲ್ಲ, ಅದು ನಾಫ್ತಾದಿಂದಲೋ ಅನಿಲದಿಂದಲೋ, ಅಂದರೆ ನೆಲದಾಳದ ಇಂಧನದಿಂದ ತಯಾರಾದದ್ದು ಎಂಬುದನ್ನು ಯೂರಿಯಾ ಹೊಗಳುವವರೂ ಮರೆಯಬಾರದು.

ಇದೇ ಪ್ರಶ್ನೆ ಈಗ ನೈಸರ್ಗಿಕ ಕೃಷಿಯ ಸುತ್ತ ಎದ್ದಿದೆ. ಸುಭಾಷ್ ಪಾಳೇಕರರ ಕ್ರಮದಲ್ಲಿ ಒಂದು ಎಕರೆಗೆ ಒಂದು ಸಲಕ್ಕೆ ಇನ್ನೂರು ಲೀಟರು ಜೀವಾಮೃತ. ಅದರಲ್ಲಿ ಹತ್ತು ಕಿಲೋ ಸಗಣಿ, ಸುಮಾರು ಹತ್ತು ಲೀಟರು ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಕೂಡಿ ನೋಡಿದರೆ ಅದರಲ್ಲಿನ ಸಾರಜನಕ ಕಾಲು ಕಿಲೋ ಆಸುಪಾಸು. ಒಂದು ಟನ್ ಭತ್ತದ ಬೆಳೆ ನೆಲದಿಂದ ಎತ್ತುವುದು ಹದಿನೈದರಿಂದ ಇಪ್ಪತ್ತು ಕಿಲೋ. ಇದು ಗೊಬ್ಬರವಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಚ್ಚರಿಸುವ ಹೆಪ್ಪು ಎಂದು ಬೆಂಬಲಿಗರು ಹೇಳುತ್ತಾರೆ. ಪುರಾವೆ ಸಾಲದು ಎಂದು ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ 2019ರಲ್ಲಿ ಹೇಳಿತು. ಹೆಪ್ಪಿನ ಮಾತು ಸುಳ್ಳೆಂದು ಮೊದಲೇ ತಳ್ಳಬೇಕಿಲ್ಲ, ನಿಜವೆಂದು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಬಿದಿರ ಮೆಳೆಯನ್ನು ಎಣಿಸಿದಂತೆ ವರ್ಷಗಟ್ಟಲೆ ಎಣಿಸಬೇಕು. ರೈತನ ಹೊಲದಲ್ಲಿ, ರೈತನ ಜೊತೆ ಕೂತು ಎಣಿಸಬೇಕು.

ಪರ್ಮಾಕಲ್ಚರಿಗೂ ಪರಿಸರ ವಿಜ್ಞಾನಕ್ಕೂ ಇರಬೇಕಾದ ಸಂಬಂಧ ನನ್ನ ಮಟ್ಟಿಗೆ ಇಷ್ಟೇ. ಅನುಭವ ಪ್ರಶ್ನೆಯನ್ನು ಕೊಡಬೇಕು, ವಿಜ್ಞಾನ ಲೆಕ್ಕವನ್ನು ಕೊಡಬೇಕು, ಆ ಲೆಕ್ಕದಲ್ಲಿ ಸೊಪ್ಪು ಹೊತ್ತವರ ಬೆನ್ನಿಗೂ ಒಂದು ಕಲಮು ಇರಬೇಕು. ಇದು ರೈತರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಕಾವೂರು ಕೆರೆಯನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದುರಸ್ತಿ ಮಾಡಲಾಗಿದೆ. ದಡ ಚೆಂದವಾದರೆ ಕೆರೆ ಬದುಕುವುದಿಲ್ಲ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನಲ್ಲಿ ಇಂಗಿ, ಮಜಲಿಗೆ ಇಳಿದು, ಬೈಲಿಗೆ ಬಂದರೆ ಮಾತ್ರ ಅಲ್ಲಿ ನೀರು. ಪದವಿಗೆಲ್ಲ ಇಂಟರ್‌ಲಾಕ್ ಹಾಸಿದರೆ ಆ ಮಳೆ ಚರಂಡಿ ಹಿಡಿದು ಬೈಲಿನಲ್ಲಿ ಕಟ್ಟಿದ ಮನೆಗಳೊಳಗೆ ನುಗ್ಗುತ್ತದೆ.

ಕಂದಾಯದ ಕಡತ ಇಂಥ ಮೇಲಿನ ಜಾಗಗಳಲ್ಲಿ ಬಹಳಷ್ಟನ್ನು ಬಂಜರು ಎಂದು ಕರೆಯಿತು. ರೈತ ಅವನ್ನೇ ಕುಮ್ಕಿ ಎಂದ. ಒಂದೇ ಜಾಗಕ್ಕೆ ಒಬ್ಬರು ಪಾಳು ಎಂದರು, ಇನ್ನೊಬ್ಬರು ನೆರವು ಎಂದರು. ಯಾರ ಮಾತು ಸರಿ ಎಂದು ನೋಡಲು ಈಗ ನಮ್ಮಲ್ಲಿ ಅಳತೆಗೋಲು ಇದೆ. ಉಳಿದಿರುವ ಗುಡ್ಡಗಳು ಹಂಚಿಹೋಗುವ ಮೊದಲು ಅದನ್ನು ಬಳಸುವ ಮನಸ್ಸು ಮಾಡಬೇಕಷ್ಟೆ.